ಹಾಸನದ ಭಯ ಹೃದಯದ ಹತ್ತಿರವೇ ನಿಂತುಬಿಟ್ಟಿದೆ

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಹಾಸನ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡ ಸುದ್ದಿ ಟಿವಿಯಲ್ಲಿ ದಿನವಿಡೀ ಓಡಿದ ಮೇಲೆ, ನಮ್ಮ ಜನ ಬೆಳಗಿನ ಜಾವದ ಬಸ್ಸು ಹಿಡಿದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯು ಜಿಲ್ಲೆಯಲ್ಲಿ ಹೃದಯ ಸಂಬಂಧಿ ಸಾವುಗಳು ಅಸಹಜವಾಗಿ ಏರಿಲ್ಲವೆಂದು ಸರ್ಕಾರಕ್ಕೆ ವರದಿ ಕೊಟ್ಟಿತು. ತೀರಿಕೊಂಡವರಲ್ಲಿ ಹಲವರಿಗೆ ಬಿಪಿ, ಶುಗರ್, ಬೊಜ್ಜು, ಧೂಮಪಾನ, ಕುಡಿತ ಇವುಗಳಲ್ಲಿ ಒಂದಲ್ಲ ಒಂದು ಇತ್ತೆಂಬ ಮಾತೂ ಅದರಲ್ಲಿತ್ತು. ಮೊದಲ ಮಾತು ಎಲ್ಲರ ನೆನಪಿನಲ್ಲಿ ಉಳಿಯಿತು, ಎರಡನೆಯದನ್ನು ಯಾರೂ ಎತ್ತಿಕೊಳ್ಳಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಆ ಪಟ್ಟಿಯಲ್ಲಿರುವ ಅಷ್ಟೂ ಕಾರಣಗಳು ಮೆದುಳಿನ ರಕ್ತನಾಳವನ್ನೂ ಹಾಳುಮಾಡುತ್ತವೆ. ಆದರೂ ಮೂವತ್ತು, ನಲವತ್ತರ ವಯಸ್ಸಿನವರಿಗೆ ಸ್ಟ್ರೋಕ್ ಆಗಬಹುದೆಂಬ ಯೋಚನೆಯೇ ನಮ್ಮಲ್ಲಿಲ್ಲ. ಲಕ್ವ ಹೊಡೆಯುವುದು ಅಜ್ಜಂದಿರಿಗೆ ಎಂದೇ ನಂಬಿಕೊಂಡಿದ್ದೇವೆ.

32 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಟರ್‌ಸ್ಟ್ರೋಕ್ ಅಧ್ಯಯನದ ಪ್ರಕಾರ, ಸ್ಟ್ರೋಕ್‌ನ ಸುಮಾರು ಶೇ. 90ರಷ್ಟು ಅಪಾಯಕ್ಕೆ ನಾವು ತಿದ್ದಿಕೊಳ್ಳಬಹುದಾದ ಹತ್ತು ಕಾರಣಗಳಿವೆ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ರಕ್ತದೊತ್ತಡ. ಆಸ್ಪತ್ರೆಯ ಸಾಲಿನಲ್ಲಿ ನಿಂತವರು ಕೇಳಿದ ಇಸಿಜಿ, ಅಂದರೆ ಹೃದಯದ ಬಡಿತವನ್ನು ಗೆರೆಗಳಲ್ಲಿ ಬರೆದು ತೋರಿಸುವ ಪರೀಕ್ಷೆ, ರಕ್ತದೊತ್ತಡವನ್ನು ಅಳೆಯುವುದಿಲ್ಲ. ಹೃದಯದ ಬಡಿತ ತಾಳ ತಪ್ಪಿರುವುದು ಆ ಹೊತ್ತಿಗೆ ಇದ್ದರೆ ಅದು ಹಿಡಿದುಕೊಡಬಲ್ಲದು, ಅದೂ ಮುಖ್ಯವೇ. ಆದರೆ ‘ಇಸಿಜಿ ನಾರ್ಮಲ್’ ಎಂಬ ಚೀಟಿಯನ್ನು ಅಭಯಪತ್ರದಂತೆ ಜೇಬಿನಲ್ಲಿಟ್ಟುಕೊಂಡು, ಮೇಲಿನದು 160 ದಾಟಿರುವ ಬಿಪಿಯೊಂದಿಗೆ ಊರಿಗೆ ಮರಳಿದವರು ಎಷ್ಟು ಜನರೋ!

ಹಾಸನದಲ್ಲಿ ಔಷಧಿ ಅಂಗಡಿ ನಡೆಸುವವನಾಗಿ ನನಗೆ ಕಾಣುವ ಚಿತ್ರ ಹೀಗಿದೆ. ಬಾಡಿಗೆ ಕಾರು ಓಡಿಸುವ ಯುವಕನೊಬ್ಬ ಮೊಬೈಲ್ ಕವರಿನ ಹಿಂದೆ ಮಡಚಿಟ್ಟ, ಮಡಿಕೆಯಲ್ಲಿ ಹರಿದುಹೋದ ಹಳೆಯ ಚೀಟಿಯನ್ನು ತೆಗೆದು, “ಅಣ್ಣ, ಐದು ಮಾತ್ರೆ ಸಾಕು, ತಲೆ ಭಾರ ಅನಿಸಿದಾಗ ತಗೋತೀನಿ” ಎನ್ನುತ್ತಾನೆ. ಅದು ಆಮ್ಲೋಡಿಪಿನ್, ದಿನವೂ ನುಂಗಬೇಕಾದ ಬಿಪಿ ಮಾತ್ರೆ. ಬಿಪಿ ಏರಿದ ಬಹುಪಾಲು ಜನರಿಗೆ ತಲೆಭಾರವಾಗಲಿ ತಲೆಸುತ್ತಾಗಲಿ ಬರುವುದೇ ಇಲ್ಲ, ಆದ್ದರಿಂದ ಮೈಯನ್ನು ಕೇಳಿ ಮಾತ್ರೆ ನುಂಗುವ ಈ ಲೆಕ್ಕಾಚಾರ ಬುಡದಲ್ಲೇ ತಪ್ಪು. ಇನ್ನು ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ತರಹದ ಮಾತ್ರೆಗಳನ್ನು ವಾರಗಟ್ಟಲೆ ನುಂಗುವವರು ಕಾಫಿ ಕೊಯ್ಲಿನ ಕಾಲದಲ್ಲಂತೂ ಬಹಳ. ಆ ಮಾತ್ರೆಗಳೇ ಬಿಪಿಯನ್ನು ಏರಿಸಬಲ್ಲವು ಎಂದರೆ ನಂಬುವುದಿಲ್ಲ. ಚೀಟಿಯಿಲ್ಲದೆ ಅವನ್ನು ಎಣಿಸಿ ಕೊಡುವ ಅಂಗಡಿಗಳ ಬಗ್ಗೆ ನನ್ನದೇ ವೃತ್ತಿಯವರಿಗೆ ಬೇಸರವಾದರೂ ಹೇಳಲೇಬೇಕು.

ಹೊಗೆಸೊಪ್ಪು, ಬೀಡಿ, ವಾರಾಂತ್ಯದಲ್ಲಿ ಒಟ್ಟಿಗೇ ಸುರಿದುಕೊಳ್ಳುವ ಮದ್ಯ, ಊಟದ ಜೊತೆಗಿನ ಉಪ್ಪಿನಕಾಯಿ ಹಪ್ಪಳ ಇವೆಲ್ಲವೂ ಗೊತ್ತಿರುವ ವಿಚಾರವೇ ಆದ್ದರಿಂದ ಉದ್ದ ಮಾಡುವುದಿಲ್ಲ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮಾರು ಒಂದು ಚಹಾ ಚಮಚ, ಅದು ಒಬ್ಬರಿಗೆ, ಇಡೀ ದಿನದ ಎಲ್ಲ ಅಡುಗೆಗೂ ಸೇರಿ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಕೀಲುನೋವಿನ ಜ್ವರ ಬಂದು ಹೃದಯದ ಕವಾಟ ಕೆಟ್ಟವರಲ್ಲಿ, ಹೃದಯದೊಳಗೇ ಹೆಪ್ಪುಗಟ್ಟಿದ ರಕ್ತದ ತುಣುಕು ಮೆದುಳಿಗೆ ಹೋಗಿ ಸಿಕ್ಕಿಕೊಳ್ಳುವುದೂ ಚಿಕ್ಕ ವಯಸ್ಸಿನ ಸ್ಟ್ರೋಕ್‌ಗೆ ಒಂದು ಕಾರಣ. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದುಕೊಟ್ಟಿರುವ ಮಕ್ಕಳಿಗೆ ಅದನ್ನು ತಪ್ಪಿಸಬಾರದು ಎನ್ನುವುದು ಅದಕ್ಕೇ.

ಹೆಣ್ಣುಮಕ್ಕಳ ವಿಚಾರವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ದಿನಕ್ಕೆ ಒಂದೆರಡು ಲೋಟ ಬಿಸಿನೀರಿನಲ್ಲೇ ನಿಲ್ಲಿಸುವ ಮನೆಗಳು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಇನ್ನೂ ಇವೆ. ಹೆರಿಗೆಯಾದ ಹೊಸತರಲ್ಲಿ ರಕ್ತ ಸಹಜವಾಗಿಯೇ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ಮೈಯಲ್ಲಿ ನೀರು ಕಡಿಮೆಯಾದರೆ ಮೆದುಳಿನ ಅಭಿಧಮನಿಯಲ್ಲೇ ರಕ್ತ ಗಟ್ಟಿಯಾಗಬಹುದು. ವಿಪರೀತ ತಲೆನೋವು, ವಾಂತಿ, ಫಿಟ್ಸ್ ಬಂದಾಗ ಮನೆಯವರು ಗಾಳಿ ಸೋಕಿತೆಂದು ಅಂತ್ರ ಕಟ್ಟಿಸಲು ಹೊರಡುತ್ತಾರೆ. ಬಸುರಿಯಿದ್ದಾಗ ಬಿಪಿ ಏರಿದ್ದವರಿಗಂತೂ ಮುಂದಿನ ವರ್ಷಗಳಲ್ಲೂ ಸ್ಟ್ರೋಕ್‌ನ ಅಪಾಯ ಹೆಚ್ಚು. ಆದರೆ ಹೆರಿಗೆ ಮುಗಿದ ಮೇಲೆ ತಾಯಿ ಕಾರ್ಡನ್ನು ಮಗುವಿನ ಚುಚ್ಚುಮದ್ದಿಗಾಗಿ ತೆಗೆಯುತ್ತೇವೆಯೇ ಹೊರತು ತಾಯಿಯ ಬಿಪಿಯನ್ನು ಮತ್ತೆ ನೋಡಿಸುವವರು ವಿರಳ.

ಹೃದಯದ ಭಯ ತಂದಿಟ್ಟ ಇನ್ನೊಂದು ತೊಂದರೆಯೆಂದರೆ ವಾಟ್ಸಾಪ್‌ನಲ್ಲಿ ಹರಿದಾಡುವ ಮಾತ್ರೆಗಳ ಕಿಟ್. ಏನೇ ಆದರೂ ಮೊದಲು ಆಸ್ಪಿರಿನ್ ಅಗಿಯಬೇಕು ಎಂದು ಜನ ಅದನ್ನು ಪರ್ಸಿನಲ್ಲಿಟ್ಟುಕೊಂಡಿದ್ದಾರೆ. ಬಾಯಿ ಸೊಟ್ಟಗಾಗಿ, ಒಂದು ಕೈ ಮೇಲೇಳದೆ, ಮಾತು ತೊದಲುತ್ತಿದ್ದರೆ ಅದು ರಕ್ತನಾಳ ಕಟ್ಟಿಕೊಂಡದ್ದೋ ಒಡೆದದ್ದೋ ಎಂಬುದು ಸಿಟಿ ಸ್ಕ್ಯಾನ್ ಮಾಡಿದ ಮೇಲಷ್ಟೇ ತಿಳಿಯುತ್ತದೆ. ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವವನ್ನು ಇನ್ನಷ್ಟು ಹೆಚ್ಚಿಸಬಹುದು. ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮೂಡಿಗೆರೆಯ ಒಳಗಿನ ತೋಟದಿಂದ ಜೀಪಿನಲ್ಲಿ ಹೊರಟು ಚಾರ್ಮಾಡಿ ಇಳಿದು ಮಂಗಳೂರು ಸೇರುವವರಿಗೆ ಅದರಲ್ಲಿ ಉಳಿಯುವುದೆಷ್ಟು ಎಂದು ಯೋಚಿಸಬೇಕು. ಅಂಥದ್ದರಲ್ಲಿ ಹರೆಯದವನು ತೊದಲಿದರೆ ಕುಡಿದಿದ್ದಾನೆ, ಮಲಗಿ ಎದ್ದರೆ ಸರಿಹೋಗುತ್ತಾನೆ ಎಂದು ಮಲಗಿಸಿಬಿಡುತ್ತಾರೆ, ಇಲ್ಲವೇ ಪಾರಿವಾಳದ ರಕ್ತ ಹಚ್ಚಲು ಹೊರಡುತ್ತಾರೆ. ಹತ್ತು ನಿಮಿಷ ಕೈ ಜೋಮು ಹಿಡಿದು ತಾನಾಗಿ ಸರಿಹೋದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ದೊಡ್ಡ ಸ್ಟ್ರೋಕ್ ಬರುವ ಅಪಾಯ ನಂತರದ ಎರಡು ದಿನಗಳಲ್ಲೇ ಅತಿ ಹೆಚ್ಚು.

ಆದ್ದರಿಂದ ನನ್ನ ಬೇಡಿಕೆ ದೊಡ್ಡ ಯಂತ್ರಗಳದ್ದಲ್ಲ. ಸರ್ಕಾರದ ತಪಾಸಣೆ ಮೂವತ್ತು ದಾಟಿದವರಿಗೆಂದು ಇದೆ, ಆದರೆ ದುಡಿಯುವ ಗಂಡಸರು ಹಗಲಲ್ಲಿ ಮನೆಯಲ್ಲಿ ಸಿಗುವುದಿಲ್ಲ. ಅವರು ಸಿಗುವುದು ಆಟೋ ಸ್ಟ್ಯಾಂಡಿನಲ್ಲಿ, ಬಸ್ ಡಿಪೋದಲ್ಲಿ, ತೋಟಗಳ ಬಟವಾಡೆಯ ದಿನ. ಬಟವಾಡೆ ಮೇಜಿನ ಪಕ್ಕ, ತೋಟದ ಲೆಕ್ಕ ಬರೆಯುವ ರೈಟರ್ ಒಂದು ಬೆಂಚು ಹಾಕಿಸಿ, ಆಶಾ ಕಾರ್ಯಕರ್ತೆಯನ್ನೋ ನರ್ಸಮ್ಮನನ್ನೋ ಕರೆಸಿದರೆ ಸಾಕು. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ ಬೀಡಿ ಬೇಡ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಮಾತಿಲ್ಲದೆ ಕೂರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಎರಡು ಸಲ ಅಳೆಯಬೇಕು. 140/90 ಅಥವಾ ಅದಕ್ಕಿಂತ ಹೆಚ್ಚು ಬಂದವರ ಹೆಸರನ್ನು ಬರೆದುಕೊಂಡು, ಇನ್ನೊಂದು ದಿನ ಮತ್ತೆ ನೋಡಿ, ಆಗಲೂ ಹಾಗೆಯೇ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಮಾತ್ರೆ ಉಚಿತವಾಗಿ ಸಿಗುತ್ತದೆ. ನನ್ನ ವ್ಯಾಪಾರ ಅಷ್ಟರಮಟ್ಟಿಗೆ ಕಡಿಮೆಯಾದರೆ ಆಗಲಿ.