ಬೀಪ್ ಅಂದ್ರೂ ಬರ್ರಿ ಸಾಹೇಬ್ರ

ರಾಷ್ಟ್ರಪತಿ, ಪ್ರಧಾನಿಗಳ ಭದ್ರತೆಗೆ ಕೇಂದ್ರ ಗೃಹ ಇಲಾಖೆಯ ‘ನೀಲಿ ಪುಸ್ತಕ’ ಇದೆ. ಉಳಿದ ಗಣ್ಯರಿಗೆ ‘ಹಳದಿ ಪುಸ್ತಕ’. ಬೆಳಗಾವಿಯಲ್ಲಿ ದೊಡ್ಡ ಕಂಪನಿಯೊಂದು ಬೆಳ್ಳಿಹಬ್ಬವನ್ನೋ ಡೀಲರುಗಳ ಸಮಾವೇಶವನ್ನೋ ಇಟ್ಟುಕೊಂಡರೆ ಈ ಎರಡನ್ನೂ ಯಾರೂ ತೆರೆಯುವುದಿಲ್ಲ. ಬಂಗಾರದ ಅಂಚಿನ ಆಮಂತ್ರಣ ಪತ್ರಿಕೆಯೇ ಭದ್ರತಾ ಕೈಪಿಡಿ. ಅದರಲ್ಲಿ ಹೆಸರಿದ್ದವರನ್ನು ತಪಾಸಣೆ ಮಾಡುವಂತಿಲ್ಲ. ಹೆಸರು ಬಿಟ್ಟುಹೋದವರೇ ಕಾರ್ಯಕ್ರಮಕ್ಕಿರುವ ಅಸಲಿ ಅಪಾಯ.

ಆದ್ದರಿಂದ ಯೋಜನಾ ಸಭೆಯ ಮೊದಲ ಎರಡು ತಾಸು ‘ಮಾಜಿಗಳ ಹೆಸರು ಹಾಲಿಗಳ ಕೆಳಗೋ ಪಕ್ಕಕ್ಕೋ’ ಎಂಬುದಕ್ಕೆ ಮೀಸಲು. ಯಾರ ಹೆಸರು ಬಿಟ್ಟರೆ ಎಷ್ಟು ಬೈಕುಗಳ ಮೇಲೆ ಎಷ್ಟು ಹುಡುಗರು ಬರುತ್ತಾರೆ ಎಂಬ ಲೆಕ್ಕ ಕಂಪನಿಯ ಪಿಆರ್‌ಓ ಬಾಯಲ್ಲೇ ಇರುತ್ತದೆ. ನಾಮಫಲಕದಲ್ಲಿ ಕನ್ನಡ ಶೇ. 60ರಷ್ಟು ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿ ಆದಮೇಲೆ, ಸ್ವಾಗತ ಬ್ಯಾನರು ಅಳೆಯಲು ಟೇಪು ಹಿಡಿದವನೊಬ್ಬನೂ ಭದ್ರತಾ ತಂಡದಲ್ಲಿ ಸೇರಿಕೊಂಡಿದ್ದಾನೆ. ಇಡೀ ತಂಡದಲ್ಲಿ ನಿಖರವಾಗಿ ಕೆಲಸ ಮಾಡುವವನು ಅವನೊಬ್ಬನೇ. ಎಷ್ಟು ಜನ, ಎಷ್ಟು ಬಾಗಿಲು, ಆಸ್ಪತ್ರೆಗೆ ದಾರಿ ಯಾವುದು ಎಂಬ ಪ್ರಶ್ನೆಗಳು ಚಹಾ ಬಂದಾಗ ಏಳುತ್ತವೆ, ಕಪ್ಪಿನ ಜೊತೆಗೇ ಹೊರಗೆ ಹೋಗುತ್ತವೆ.

ದಿನಾಂಕ ಗೊತ್ತು ಮಾಡುವುದರಲ್ಲೂ ಒಂದು ಜಾಣತನ ಇದೆ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ. ಮಂತ್ರಿಗಳೆಲ್ಲ ಊರಲ್ಲೇ ಸಿಗುತ್ತಾರೆ, ಅದೇ ವಾರ ಇಟ್ಟುಬಿಡೋಣ ಎನ್ನುತ್ತಾರೆ. ಮಂತ್ರಿಗಳು ಸಿಗುತ್ತಾರೆ, ನಿಜ. ಪೊಲೀಸರು ಸಿಗುವುದಿಲ್ಲ. ಪರಜಿಲ್ಲೆಗಳಿಂದ ಬಂದವರೂ ಸೇರಿ ಎಲ್ಲರೂ ಹೆದ್ದಾರಿಯಲ್ಲಿ, ಕೊಂಡಸಕೊಪ್ಪದ ಧರಣಿ ಟೆಂಟುಗಳ ಮುಂದೆ ನಿಂತಿರುತ್ತಾರೆ. ಬಂದೋಬಸ್ತ್ ಕೋರಿದ ಅರ್ಜಿ ಕಾರ್ಯಕ್ರಮದ ಹಿಂದಿನ ಸಂಜೆ ಕಮಿಷನರ್ ಕಚೇರಿಗೆ ಹೋಗುತ್ತದೆ, ಜೊತೆಗೆ ಕುಂದಾದ ಡಬ್ಬಿ. ಮರುದಿನ ಇಬ್ಬರು ಹೋಮ್‌ಗಾರ್ಡ್ ಬರುತ್ತಾರೆ. ಅವರಿಗೂ ಪಾಸ್ ಇಲ್ಲವೆಂದು ಬೌನ್ಸರು ತಡೆಯುತ್ತಾನೆ.

ಈಗ ಗೇಟಿನ ಲೆಕ್ಕಕ್ಕೆ ಬರೋಣ. ಲೋಹಶೋಧಕ ಚೌಕಟ್ಟಿನ ಕ್ಯಾಟಲಾಗಿನಲ್ಲಿ ನಿಮಿಷಕ್ಕೆ ಐವತ್ತು-ಅರವತ್ತು ಜನ ಹಾಯಬಹುದು ಎಂದಿರುತ್ತದೆ. ಅದು ಬರಿಗೈಯಲ್ಲಿ ನಡೆದುಹೋಗುವವರ ಲೆಕ್ಕ. ಮೊಬೈಲು-ಕೀಲಿ ಟ್ರೇಗೆ ಹಾಕಿಸಿ, ಬ್ಯಾಗು ತೆರೆಸಿ ನೋಡಿ, ಬೀಪ್ ಬಂದವರ ಮೇಲೆ ಕೈ ಡಿಟೆಕ್ಟರ್ ಆಡಿಸಿದರೆ ಒಬ್ಬರಿಗೆ ಸರಾಸರಿ ಏಳು ಸೆಕೆಂಡ್ ಹಿಡಿಯಿರಿ. ತಾಸಿಗೆ ಸುಮಾರು ಐನೂರು ಜನ. ಎರಡು ಸಾವಿರ ಅತಿಥಿಗಳನ್ನು ಒಂದು ತಾಸಿನಲ್ಲಿ ಒಳಗೆ ತರಬೇಕಾದರೆ ನಾಲ್ಕು ಸಾಲು ಬೇಕು. ಹೆಣ್ಣುಮಕ್ಕಳಿಗೆ ಪರದೆ ಕಟ್ಟಿದ ಪ್ರತ್ಯೇಕ ಜಾಗ, ಮಹಿಳಾ ಸಿಬ್ಬಂದಿ ಸೇರಿಸಿದರೆ ಆರು. ಬಾಡಿಗೆಗೆ ತರುವುದು ಎರಡು. ಅದರಲ್ಲೊಂದನ್ನು ವಿಐಪಿ ಗೇಟಿಗೆ ಶೋಭೆಗೆಂದು ನಿಲ್ಲಿಸುತ್ತಾರೆ. ಉಳಿದ ಒಂದರಲ್ಲಿ ಎರಡು ಸಾವಿರ ಜನ ಹಾಯ್ದು ಮುಗಿಯಲು ನಾಲ್ಕು ತಾಸು ಬೇಕು. ಅಷ್ಟೊತ್ತಿಗೆ ವಂದನಾರ್ಪಣೆ ಆಗಿ, ಹೋಳಿಗೆಯೂ ಖಾಲಿಯಾಗಿರುತ್ತದೆ.

ಆ ಒಂದನ್ನಾದರೂ ನೆಟ್ಟಗೆ ನಿಲ್ಲಿಸುತ್ತಾರಾ? ಚೌಕಟ್ಟು ಗಟ್ಟಿ ನೆಲದ ಮೇಲೆ ಅಲುಗದಂತೆ ಕೂರಬೇಕು. ಪ್ಲೈವುಡ್ ಹಾಸಿ, ಮೇಲೆ ಕೆಂಪು ಜಮಖಾನೆ ಹೊದಿಸಿದ ಕಟ್ಟೆಯ ಮೇಲೆ ನಿಲ್ಲಿಸಿದರೆ ಪ್ರತಿ ಹೆಜ್ಜೆಗೂ ನಡುಗಿ ಸುಮ್ಮಸುಮ್ಮನೆ ಕೂಗುತ್ತದೆ. ಕಬ್ಬಿಣದ ಬ್ಯಾರಿಕೇಡು, ರೋಲಿಂಗ್ ಷಟರು, ಜನರೇಟರಿನ ದಪ್ಪ ಕೇಬಲ್ಲು ಮಗ್ಗುಲಿಗಿದ್ದರೂ ಅದೇ ಪಾಡು. ಎರಡು ಚೌಕಟ್ಟುಗಳನ್ನು ಒತ್ತಿ ನಿಲ್ಲಿಸಿ ಒಂದೇ ಫ್ರೀಕ್ವೆನ್ಸಿಯಲ್ಲಿ ಬಿಟ್ಟರೆ ಇದರ ಮಾತಿಗೆ ಅದು ಹೂಂಗುಟ್ಟುತ್ತದೆ. ಇದೆಲ್ಲ ಸಾಲದೆಂದು ಇದು ಎರಕದ ಊರು. ಉದ್ಯಮಬಾಗ, ಮಚ್ಛೆಯ ಫೌಂಡ್ರಿ ಮಾಲೀಕರ ಒಂದು ಜೇಬಿನಲ್ಲಿ ವರ್ನಿಯರ್ ಕ್ಯಾಲಿಪರ್, ಇನ್ನೊಂದರಲ್ಲಿ ಗಿರಾಕಿಗೆ ತೋರಿಸಲು ತಂದ ಕಾಸ್ಟಿಂಗ್ ಸ್ಯಾಂಪಲ್ಲು. ಅರ್ಧ ತಾಸು ಬೀಪ್ ಕೇಳಿ ತಲೆ ಚಿಟ್ಟುಹಿಡಿದ ಮ್ಯಾನೇಜರು ಆಪರೇಟರಿಗೆ ಹೇಳುತ್ತಾನೆ: “ಏ ತಮ್ಮಾ, ಇದರ ದನಿ ಸ್ವಲ್ಪ ಇಳಸೋ.” ಅವನು ಇಳಿಸುವುದು ದನಿಯನ್ನಲ್ಲ, ಸೆನ್ಸಿಟಿವಿಟಿಯನ್ನು. ಆಮೇಲೆ ಆ ಚೌಕಟ್ಟಿನಲ್ಲಿ ಟ್ರ್ಯಾಕ್ಟರ್ ಹಾಯ್ದರೂ ಹಸಿರು ದೀಪ. ನಡುವೆ ಕರೆಂಟು ಹೋಗಿ ಜನರೇಟರ್ ಹತ್ತಿಕೊಂಡಾಗ, ಬ್ಯಾಟರಿ ಸತ್ತ ಯಂತ್ರವಾದರೆ ಪೂರ್ತಿ ಆರಿ ಮತ್ತೆ ಶುರುವಾಗುತ್ತದೆ. ಪರೀಕ್ಷೆಯ ಲೋಹದ ತುಂಡು ಹಿಡಿದು ಮತ್ತೊಮ್ಮೆ ಹಾಯ್ದು ನೋಡಬೇಕಾದ ಗಳಿಗೆ ಅದು. ಆ ತುಂಡು ಬಾಡಿಗೆಯವನ ಗೋದಾಮಿನಲ್ಲಿರುತ್ತದೆ.

ವಿಐಪಿ ಗೇಟಿನಲ್ಲಿ ಇಂಥ ತಾಂತ್ರಿಕ ತೊಂದರೆ ಯಾವುದೂ ಇಲ್ಲ. ಅಲ್ಲಿ ಯಂತ್ರ ಕೂಗಿದರೆ ಕಾವಲುಗಾರ ಸೆಲ್ಯೂಟ್ ಹೊಡೆಯುತ್ತಾನೆ. “ಬರ್ರಿ ಸಾಹೇಬ್ರ, ಬರ್ರಿ, ಅದು ಹಂಗ ಒದರತೈತಿ.” ಸಾಹೇಬರ ಹಿಂದೆ ಅವರ ಗನ್‌ಮ್ಯಾನು, ಗನ್‌ಮ್ಯಾನಿನ ಹಿಂದೆ ಪಿಎ, ಪಿಎ ಹಿಂದೆ “ಸಾಹುಕಾರ್ರ ಕಡಿಯವ್ರು” ಹದಿನೆಂಟು ಜನ. ಹತ್ತೊಂಬತ್ತನೆಯವನು ಯಾರ ಕಡೆಯವನೂ ಅಲ್ಲ, ಬಿಳಿ ಅಂಗಿ ಹಾಕಿದ್ದಾನೆ, ಅಷ್ಟೇ. ಪಾಸುಗಳು ಆರು ಬಣ್ಣದಲ್ಲಿರುತ್ತವೆ. ಫೋಟೋ ಇಲ್ಲ, ಕ್ರಮಸಂಖ್ಯೆ ಇಲ್ಲ. ರಾಮದೇವ ಗಲ್ಲಿಯ ಕಲರ್ ಜೆರಾಕ್ಸಿಗೆ ಆರೂ ಬಣ್ಣ ಗೊತ್ತು. ಎಲ್ಲ ಪಾಸುಗಳಿಗಿಂತ ಮೇಲಿನದು ಒಂದೇ ವಾಕ್ಯ: “ನಾ ಯಾರಂತ ಗೊತ್ತೈತೇನ ನಿನಗ?” ಕಾವಲುಗಾರನಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ ತಡೆಯಬೇಕೆಂದು ನಿಯಮ ಹೇಳುತ್ತದೆ, ಗೊತ್ತಿಲ್ಲದಿದ್ದರೆ ಬಿಡಬೇಕೆಂದು ಹೊಟ್ಟೆಪಾಡು ಹೇಳುತ್ತದೆ.

ಅವನನ್ನು ಬೈಯುವುದು ಸುಲಭ. ಕಂಪನಿ ಗುತ್ತಿಗೆ ಕೊಟ್ಟದ್ದು ಇವೆಂಟ್ ಮ್ಯಾನೇಜರಿಗೆ, ಅವನು ಏಜೆನ್ಸಿಗೆ, ಏಜೆನ್ಸಿಯವನು ಹಿಂದಿನ ರಾತ್ರಿ ಫೋನು ಮಾಡಿ ಬೈಲಹೊಂಗಲದಿಂದಲೋ ಹುಕ್ಕೇರಿಯಿಂದಲೋ ಕರೆಸಿದ ಹುಡುಗನಿಗೆ. ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ 2005ರದ್ದು. ಅದರ ನಿಯಮದ ಪ್ರಕಾರ ಕಾವಲುಗಾರನಿಗೆ 100 ತಾಸು ತರಗತಿ, 60 ತಾಸು ಮೈದಾನದ ತರಬೇತಿ ಆಗಿರಬೇಕು. ಈ ಹುಡುಗನಿಗೆ ಆಗಿರುವ ತರಬೇತಿ ಟೆಂಪೋದಲ್ಲಿ ಬರುವಾಗ ಅಂಗಿಯ ಅಳತೆ ನೋಡಿದ್ದು. ಗಣ್ಯರ ಗೇಟಿನಲ್ಲಿ ‘ಇಲ್ಲ ಸರ್, ನಿಲ್ಲಬೇಕು’ ಎನ್ನಲು ಕಂಪನಿಯ ಒಬ್ಬ ಜನರಲ್ ಮ್ಯಾನೇಜರೇ ನಿಲ್ಲಬೇಕು. ಸಂಬಳ ಕಡಿತದ ಭಯವಿಲ್ಲದ, ಮುಖಪರಿಚಯ ಇರುವ ಮನುಷ್ಯ. ಆದರೆ ಜನರಲ್ ಮ್ಯಾನೇಜರುಗಳೆಲ್ಲ ಹೂಗುಚ್ಛ ಹಿಡಿದು ಕಾರಿನ ಬಾಗಿಲು ತೆಗೆಯುವ ಸಾಲಿನಲ್ಲಿರುತ್ತಾರೆ. ಬದಲಿಗೆ ಜಿಮ್ಮಿನಿಂದ ಬೌನ್ಸರುಗಳು ಬರುತ್ತಾರೆ, ಒಬ್ಬೊಬ್ಬರಿಗೂ ಒಂದು ಕರಿ ಕಮಾಂಡೋ ವೇಷ. ಸೈನ್ಯದ, ಪೊಲೀಸರ ಸಮವಸ್ತ್ರದಂತೆ ಕಾಣುವ ಬಟ್ಟೆಯನ್ನು ಖಾಸಗಿ ಕಾವಲುಗಾರ ಹಾಕಿದರೆ ಅದೇ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಇದೆ. ಕಂಪನಿಯವರು ಮಾತ್ರ ‘ಡ್ರೆಸ್ ಛಲೋ ಐತಿ’ ಎಂದು ಅವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಾರೆ.

ಇವರೆಲ್ಲ ಒಬ್ಬರಿಗೊಬ್ಬರು ಮಾತಾಡುವ ಬಗೆ ಇನ್ನೂ ಚಂದ. ಪೊಲೀಸರದು ಅವರ ವಿಎಚ್‌ಎಫ್ ವೈರ್‌ಲೆಸ್ ಸೆಟ್ಟು. ಏಜೆನ್ಸಿಯದು ಪರವಾನಗಿ ಬೇಡದ 446 ಮೆಗಾಹರ್ಟ್ಸ್ ವಾಕಿಟಾಕಿ. ಆಯೋಜಕರದು ವಾಟ್ಸ್ಆ್ಯಪ್ ಗ್ರೂಪು. ಮೂರಕ್ಕೂ ಸಂಬಂಧವಿಲ್ಲ. ನಟಿ ಬಂದೊಡನೆ ಎರಡು ಸಾವಿರ ಜನ ಒಟ್ಟಿಗೆ ಲೈವ್ ಹೋಗಿ ನೆಟ್‌ವರ್ಕ್ ಕೂರುತ್ತದೆ. ‘ಹಿಂದಿನ ಗೇಟಿನಲ್ಲಿ ಗದ್ದಲ’ ಎಂಬ ಸಂದೇಶ ಸಾಯಂಕಾಲ ಬಂದು ತಲುಪುತ್ತದೆ, ಅದಕ್ಕೆ ಯಾರೋ ಕೈಮುಗಿದ ಚಿತ್ರ ಹಾಕುತ್ತಾರೆ.

ಶ್ವಾನದಳದ ಕೆಲಸ ಬೆಳಿಗ್ಗೆ ಆರಕ್ಕೇ ಆಗಿರುತ್ತದೆ. ನಾಯಿ ಅರ್ಧ ತಾಸು ಮೂಸಿದರೆ ದಣಿಯುತ್ತದೆ, ನೀರು-ವಿಶ್ರಾಂತಿ ಬೇಕು. ಪಾಪ, ಅದು ವೇದಿಕೆ, ಸೋಫಾ, ಪೋಡಿಯಂ ಎಲ್ಲ ಪ್ರಾಮಾಣಿಕವಾಗಿ ಮೂಸುತ್ತದೆ. ಹಾಗೆ ಪರೀಕ್ಷೆ ಮುಗಿದ ಸಭಾಂಗಣಕ್ಕೆ ಬೀಗ ಹಾಕಿ, ಆಮೇಲೆ ಒಳಹೋಗುವ ಪ್ರತಿ ವಸ್ತುವನ್ನೂ ಬಾಗಿಲಲ್ಲಿ ಬರೆದುಕೊಂಡರೆ ಮಾತ್ರ ಆ ಮೂಸುವಿಕೆಗೆ ಬೆಲೆ. ಇಲ್ಲಿ ಏಳಕ್ಕೆ ಹೂವಿನ ಬುಟ್ಟಿಗಳು, ಎಂಟಕ್ಕೆ ಸೌಂಡಿನವರ ಹನ್ನೆರಡು ಪೆಟ್ಟಿಗೆ, ಒಂಬತ್ತಕ್ಕೆ ಅಡುಗೆಯವರ ಸಿಲಿಂಡರು, ಒಂಬತ್ತೂವರೆಗೆ ಅಧ್ಯಕ್ಷರ ಮನೆಯಿಂದ ಯಾರೂ ಮುಟ್ಟಬಾರದ ಒಂದು ಉದ್ದನೆಯ ಗಂಟು ಒಳಗೆ ಹೋಗುತ್ತವೆ. ಆ ಗಂಟಿನಲ್ಲಿರುವುದು ಮುಖ್ಯ ಅತಿಥಿಗೆ ಕಾಣಿಕೆಯ ತಲ್ವಾರು, ಸುತ್ತ ಮಖಮಲ್ಲು. ಶಸ್ತ್ರಾಸ್ತ್ರ ನಿಯಮಗಳು 9 ಅಂಗುಲ ಮೀರಿದ ಅಲಗನ್ನು ಹರಿತ ಆಯುಧಗಳ ಪಟ್ಟಿಗೆ ಸೇರಿಸಿವೆ. ಇದು ಮೂರು ಅಡಿ. ಚೆನ್ನಮ್ಮ, ರಾಯಣ್ಣರ ನೆಲದಲ್ಲಿ ಅತಿಥಿಗೆ ಬರಿ ಶಾಲು ಹೊದಿಸಿ ಕಳಿಸಲಾದೀತೇ? ತಲೆಗೆ ಫೇಟಾ ಸುತ್ತಿ, ಕೈಗೆ ಖಡ್ಗ ಕೊಟ್ಟು, ‘ಒಂದ್ಸಲ ಮ್ಯಾಲೆ ಎತ್ರಿ ಸರ್’ ಎಂದು ಫೋಟೋದವರು ಕೂಗುತ್ತಾರೆ. ಪಕ್ಕದಲ್ಲಿರುವ ಝಡ್ ಶ್ರೇಣಿಯ ಭದ್ರತೆಯುಳ್ಳ ಗಣ್ಯರು ನಗುತ್ತಲೇ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಇಡೀ ದಿನದಲ್ಲಿ ಕಂಡ ಸರಿಯಾದ ಭದ್ರತಾ ಕ್ರಮ ಅದೊಂದೇ.

ಬೆಂಗಾವಲಿನ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಂಬ್ರಾ ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ತನಕ ಪೈಲಟ್ ಕಾರಿನ ಸೈರನ್ನಿಗೆ ಎಲ್ಲರೂ ದಾರಿ ಬಿಡುತ್ತಾರೆ. ಟಿಳಕವಾಡಿಯ ರೈಲ್ವೆ ಗೇಟು ಬಿಡುವುದಿಲ್ಲ. ಪರ್ಯಾಯ ದಾರಿಯನ್ನು ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ಗುರುತಿಸಿರುತ್ತಾರೆ; ಅಲ್ಲಿ ಒಳಚರಂಡಿಗೆಂದು ರಸ್ತೆ ಅಗೆದಿರುತ್ತದೆ. ಈ ಊರಿನಲ್ಲಿ ಯಾವ ಬಂದೋಬಸ್ತಿಗೂ ಸಿಗದೆ ಓಡಾಡಿದ ಗಣ್ಯರು ಒಬ್ಬರೇ: 2022ರ ಆಗಸ್ಟಿನಲ್ಲಿ ಗಾಲ್ಫ್ ಮೈದಾನ ಹೊಕ್ಕ ಚಿರತೆ. ಡ್ರೋನು, ಬೋನು, ಕ್ಯಾಮೆರಾ, ಸಕ್ರೆಬೈಲಿನ ಆನೆಗಳು ಎಲ್ಲ ಬಂದವು, ಸುತ್ತಲಿನ ಶಾಲೆಗಳು ಬಾಗಿಲು ಹಾಕಿದವು. ಅದು ಪಾಸಿಲ್ಲದೆ ಬಂದು ಪಾಸಿಲ್ಲದೆ ಹೋಯಿತು.

ಇನ್ನು ಹೊರಹೋಗುವ ಬಾಗಿಲುಗಳು. ಸಭಾಂಗಣಕ್ಕೆ ನಾಲ್ಕಿದ್ದರೆ ಒಂದರ ಮುಂದೆ ಎಲ್‌ಇಡಿ ಪರದೆ, ಒಂದಕ್ಕೆ ‘ಸೆಕ್ಯುರಿಟಿ ಸಲುವಾಗಿ’ ಸರಪಳಿ, ಒಂದು ಗಣ್ಯರಿಗೆ. ಎರಡು ಸಾವಿರ ಜನಕ್ಕೆ ಉಳಿದದ್ದು ಒಂದು, ಅದರ ಬಾಯಲ್ಲೇ ಕುಂದಾ ಮತ್ತು ಗಿಫ್ಟ್ ಬ್ಯಾಗಿನ ಟೇಬಲ್ಲು, ಯಾರಿಗೂ ತಪ್ಪಬಾರದು ನೋಡಿ. ಚದರ ಮೀಟರಿಗೆ ನಾಲ್ಕು ಜನ ನಿಂತರೆ ಇನ್ನೂ ಕೈಕಾಲು ಆಡುತ್ತವೆ. ಐದಾರು ದಾಟಿದರೆ ಗುಂಪು ನೀರಾಗುತ್ತದೆ. ಒಬ್ಬ ಬಿದ್ದರೆ ಹಿಂದಿನವನಿಗೆ ನಿಲ್ಲುವ ಶಕ್ತಿ ಇರುವುದಿಲ್ಲ. ಗಿಫ್ಟ್ ಟೇಬಲ್ಲನ್ನು ಬಾಗಿಲು ದಾಟಿ ಮೂವತ್ತು ಹೆಜ್ಜೆ ಆಚೆ, ಪಾರ್ಕಿಂಗ್ ಬಳಿ ನಾಲ್ಕು ಕಡೆ ಇಟ್ಟರೆ ಕೆಲಸ ಮುಗಿಯಿತು. ಖರ್ಚು ನಾಲ್ಕು ಟೇಬಲ್ಲು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ. ಅಲ್ಲಿ ಬಾಲ್ಕನಿಯ ಹಾದಿಗೆ ಅಡ್ಡವಾಗಿ ಹೆಚ್ಚುವರಿ ಕುರ್ಚಿ ಹಾಕಿದ್ದರು. ಆ ಕುರ್ಚಿಗಳನ್ನು ಹಾಕಿದ್ದು ಭಯೋತ್ಪಾದಕರಲ್ಲ.

ಅಗ್ನಿಶಾಮಕ ಸಿಲಿಂಡರುಗಳು ಇರುತ್ತವೆ, ಇಲ್ಲವೆನ್ನಲಾಗದು. ಯಾವ ಮೂಲೆಯಿಂದ ನಡೆದರೂ 15 ಮೀಟರಿನೊಳಗೆ ಒಂದು ಸಿಗಬೇಕು, ವಿದ್ಯುತ್ ಫಲಕದ ಪಕ್ಕ ಕಾರ್ಬನ್ ಡೈಆಕ್ಸೈಡಿನಂಥದು ಇರಬೇಕು. ಕೆಂಪು ಬಣ್ಣ ಫೋಟೋದಲ್ಲಿ ಎದ್ದು ಕಾಣುತ್ತದೆಂದು ಡೆಕೋರೇಟರು ಎಲ್ಲವನ್ನೂ ಒಯ್ದು ಬ್ಯಾನರಿನ ಹಿಂದೆ ಸಾಲಾಗಿ ನಿಲ್ಲಿಸಿರುತ್ತಾನೆ. ಮುಂದೆ ಸಮಯಿ ದೀಪ, ದೀಪದ ಮಗ್ಗುಲಲ್ಲಿ ಪಾಲಿಯೆಸ್ಟರ್ ಪರದೆ, ಅಧ್ಯಕ್ಷರು ವೇದಿಕೆ ಹತ್ತಿದೊಡನೆ ಎರಡೂ ಕಡೆ ಬುಸ್ಸೆನ್ನುವ ಕಿಡಿಬಾಣ. ಆಂಬುಲೆನ್ಸು ಮೂತಿ ಹೊರಗೆ ಮಾಡಿ, ಮುಂದೆ ದಾರಿ ಖಾಲಿ ಇಟ್ಟು ನಿಲ್ಲಬೇಕು. ಅದರ ಮುಂದೆ ಬೆಂಗಾವಲಿನ ಐದು ಇನ್ನೋವಾ ನಿಂತಿವೆ, ಡ್ರೈವರುಗಳು ಊಟಕ್ಕೆ ಹೋಗಿದ್ದಾರೆ.

ಕ್ಯಾಮೆರಾಗಳು ಹದಿನಾರು. ಹದಿನಾಲ್ಕು ವೇದಿಕೆಯ ಕಡೆ. ಜನ ಸೇರುವ ಕಡೆ ದೃಶ್ಯಗಳನ್ನು 30 ದಿನ ಕಾಪಿಡಬೇಕೆಂದು 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ದೃಶ್ಯ ಮುದ್ರಿಸಿಕೊಳ್ಳುವ ಬಾಡಿಗೆಯ ಡಿವಿಆರ್ ಪೆಟ್ಟಿಗೆ ಮಾತ್ರ ಆವತ್ತೇ ರಾತ್ರಿ ಅಳಿಸಿಕೊಂಡು ಮರುದಿನದ ಮದುವೆಗೆ ಹೋಗುತ್ತದೆ.

ವಾರದ ನಂತರ ಪರಾಮರ್ಶೆ ಸಭೆ ಸೇರುತ್ತದೆ. ಎರಡು ಸಾವಿರದಲ್ಲಿ ಸಾವಿರದ ನಾನೂರು ಜನ ವಿಐಪಿ ಗೇಟಿನಿಂದ ಬಂದದ್ದರಿಂದ ಅಲ್ಲಿ ವಿಪರೀತ ನೂಕಾಟವಾಯಿತೆಂದು ದೂರು. ಮುಂದಿನ ಸಲ ‘ವಿವಿಐಪಿ ಪ್ಲಸ್’ ಎಂಬ ಏಳನೆಯ ಬಣ್ಣ ಎಂದು ತೀರ್ಮಾನ. ಕಟ್ಟುನಿಟ್ಟಿನ ತಪಾಸಣೆ ಯಾರಿಗಾದರೂ ಆಯಿತೇ ಎಂದು ವಿಮಾ ಕಂಪನಿಯವರು ಪತ್ರ ಬರೆದಿದ್ದಾರೆ. ಉತ್ತರ ಕೊಡಲು ಅಂಥದೊಂದು ದಾಖಲೆ ಬೇಕು. ರಿಜಿಸ್ಟರು ತಿರುವಿ ಹಾಕಿದಾಗ ಒಂದು ನಮೂದು ಸಿಕ್ಕಿತು. ಸಾಮಾನ್ಯರ ಗೇಟಿನಲ್ಲಿ ಬೆಳಿಗ್ಗೆ 9.40ಕ್ಕೆ ಇಬ್ಬರು ಅಗ್ನಿಶಾಮಕ ಸಿಬ್ಬಂದಿ, ಪಾಸ್ ಇಲ್ಲ, ಯಂತ್ರ ಕೂಗಿದೆ, ಮೈ ತಡವಿ ನೋಡಲಾಗಿದೆ. ಲೋಹದ ಕೊಡಲಿ ಒಂದು, ವಶಕ್ಕೆ. ಟೋಕನ್ ನಂಬರ್ 1.