ಫೋನಿನಲ್ಲಿ ಹೊಗಳ್ತೀರಿ, ನಾಲ್ಕು ಜನರ ಮುಂದೆ ಯಾಕೆ ಬಾಯಿ ಬಿಡಲ್ಲ?

ವಿಪರೀತ ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕಥೆ, ಕಾದಂಬರಿ ಬರೆಯುವ ನಮ್ಮವರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಇನ್ನೊಬ್ಬರ ಹೊಸ ಕಾದಂಬರಿ ನಿಮಗೆ ನಿಜವಾಗಿ ಇಷ್ಟ ಆದರೆ ಅದನ್ನು ನಾಲ್ಕು ಜನರ ಮುಂದೆ ಹೇಳುವುದಕ್ಕೆ ಏನು ಕಷ್ಟ? ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ?

ನನ್ನ ಗೆಳತಿಯೊಬ್ಬಳ ಮೊದಲ ಕಾದಂಬರಿ ಈ ವರ್ಷ ಬಂತು. ಅವಳು ಹಾವೇರಿ ಜಿಲ್ಲೆಯವಳು, ಹೈಸ್ಕೂಲ್ ಟೀಚರ್. ಬ್ಯಾಡಗಿಯಲ್ಲಿ ಒಣ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬಗ್ಗೆ ಬರೆದಿದ್ದಾಳೆ. ಅವಳ ಅವ್ವ ಅದೇ ಕೆಲಸ ಮಾಡಿ ಅವಳನ್ನು ಓದಿಸಿದ್ದು. ಶಾಲೆ, ಅಡುಗೆ, ಮಕ್ಕಳ ಹೋಂವರ್ಕ್ ಎಲ್ಲ ಮುಗಿದ ಮೇಲೆ ರಾತ್ರಿ ಕೂತು ವರ್ಷಗಟ್ಟಲೆ ಬರೆದ ಪುಸ್ತಕ ಅದು. ಅದರಲ್ಲಿ ಒಂದು ಅಧ್ಯಾಯವಿದೆ. ಎಳೇ ಮಗುವಿನ ತಾಯಿ ದಿನವಿಡೀ ಮೆಣಸಿನಕಾಯಿ ರಾಶಿಯಲ್ಲಿ ಕೆಲಸ ಮಾಡಿ ಸಂಜೆ ಮನೆಗೆ ಬರುತ್ತಾಳೆ. ಸೋಪಿನಲ್ಲಿ ಕೈ ತೊಳೆಯುತ್ತಾಳೆ. ಮಜ್ಜಿಗೆಯಲ್ಲಿ ತೊಳೆಯುತ್ತಾಳೆ. ಎಣ್ಣೆ ಹಚ್ಚಿಕೊಳ್ಳುತ್ತಾಳೆ. ಆದರೂ ಉರಿ ಹೋಗುವುದಿಲ್ಲ. ತನ್ನ ಬೆರಳು ಮಗುವಿನ ಕಣ್ಣಿಗೆ ತಾಗೀತು ಅಂತ ಅವಳಿಗೆ ಭಯ. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಕೂರುತ್ತಾಳೆ. ಆರು ವರ್ಷದ ದೊಡ್ಡ ಮಗಳು ಮಗುವನ್ನು ಎತ್ತಿ ತಂದು ಅವಳ ಎದೆಗೆ ಹಿಡಿಯುತ್ತಾಳೆ.

ಇದನ್ನು ಓದಿ ನಾನು ತುಂಬಾ ಹೊತ್ತು ಮುಂದಿನ ಪುಟಕ್ಕೆ ಹೋಗಲಿಲ್ಲ.

ಮೊನ್ನೆ ಅವಳ ಮನೆಯಲ್ಲಿದ್ದಾಗ ಒಬ್ಬ ಹಿರಿಯ ಕಾದಂಬರಿಕಾರರ ಫೋನ್ ಬಂತು. ನಾಡಿನಲ್ಲೆಲ್ಲ ಹೆಸರು ಮಾಡಿದವರು. ಅವಳಿಗೆ ಸಂಭ್ರಮವೋ ಸಂಭ್ರಮ. ನನಗೂ ಕೇಳಲಿ ಅಂತ ಸ್ಪೀಕರ್ ಹಾಕಿದಳು. ಅವರು ಸರಿಯಾಗಿ ಇದೇ ಅಧ್ಯಾಯದ ಬಗ್ಗೆ ಮಾತಾಡಿದರು. "ಆ ಕೈ ಹಿಂದಕ್ಕಿಟ್ಟುಕೊಂಡು ಕೂರೋದು ಇದೆಯಲ್ಲಮ್ಮ, ಅದನ್ನ ಬರೆಯೋಕೆ ನನ್ನ ಕೈಲಿ ಆಗ್ತಿರಲಿಲ್ಲ" ಅಂದರು. ಓದಿಯೇ ಆಡಿದ ಮಾತು ಅದು, ಅನುಮಾನವೇ ಇಲ್ಲ. ಇವಳು ಹಿಂಜರಿಯುತ್ತಲೇ ಕೇಳಿದಳು, "ಸರ್, ಇದನ್ನೇ ನಾಲ್ಕು ಸಾಲು ಎಲ್ಲಾದ್ರೂ ಬರೀತೀರೇನ್ರೀ?"

"ಅಯ್ಯೋ, ಅದೆಲ್ಲ ಬೇಡಮ್ಮ. ನಿನ್ನದು ಹಾಕಿದ್ರೆ ಇನ್ನೊಬ್ಬರು ನಮ್ಮದು ಯಾಕೆ ಹಾಕಿಲ್ಲ ಅಂತಾರೆ. ನಿನ್ನ ಪ್ರಕಾಶಕರಿಗೂ ನಮ್ಮ ಕಡೆಯವರಿಗೂ ಅಷ್ಟಕ್ಕಷ್ಟೇ. ಸುಮ್ನೆ ಯಾಕೆ? ನಿನಗೆ ಹೇಳಿದೀನಲ್ಲ, ಸಾಕು."

"ಆಯ್ತ್ರೀ ಸರ್" ಅಂತ ನಗುತ್ತಲೇ ಫೋನ್ ಇಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

ಅವರೊಬ್ಬರದೇ ಅಲ್ಲ. ಅವಳ ಫೋನಿನಲ್ಲಿ ಇಂಥ ಮೆಸೇಜುಗಳು ರಾಶಿ ಬಿದ್ದಿವೆ. ಬರೆದವರೆಲ್ಲ ಕಥೆಗಾರರು, ಕಾದಂಬರಿಕಾರರು. "ಕೂತಲ್ಲೇ ಪೂರ್ತಿ ಓದಿ ಮುಗಿಸಿದೆ." "ನಮ್ಮ ಕಡೆ ಇಂಥದ್ದು ಬಂದೇ ಇರಲಿಲ್ಲ." "ಕಣ್ಣೀರು ಬಂತು ಮೇಡಂ." ಇವರಲ್ಲಿ ಒಬ್ಬರಾದರೂ ಇದನ್ನು ಹೊರಗೆ ಹೇಳಿಲ್ಲ. ಒಬ್ಬರು ಪ್ರಶಸ್ತಿ ಆಯ್ಕೆ ಸಮಿತಿಯಲ್ಲಿ ಇದ್ದಾರಂತೆ, ಅದಕ್ಕೇ ಮಾತಾಡುವ ಹಾಗಿಲ್ಲವಂತೆ. ಅದು ನಿಜವಾದರೆ ಒಪ್ಪುತ್ತೇನೆ. ಉಳಿದವರಿಗೆ ಏನಾಗಿದೆ? ಹೊಸ ಹುಡುಗಿಯ ಪುಸ್ತಕ ಹೊಗಳಿದರೆ ತಮ್ಮ ಪುಸ್ತಕದ ಬೆಲೆ ಇಳಿಯುತ್ತದೆ ಅಂದುಕೊಂಡಿದ್ದಾರಾ? ಯಾವ ಬಣದವಳು ಅಂತ ಗೊತ್ತಾಗುವ ತನಕ ಬಾಯಿ ಬಿಡಬಾರದು ಅಂತಲಾ?

ಒಂದು ಹೊಸ ಕಾದಂಬರಿಯ ಪಾಡು ಈಗ ಹೇಗಿದೆ ಅಂತ ನಿಮಗೆ ಗೊತ್ತಿಲ್ಲದ್ದೇನಲ್ಲ. ಮೊದಲು ಮೊದಲ ಮುದ್ರಣ ಅಂದರೆ 1000 ಪ್ರತಿ. ಈಗ ಹೊಸಬರ ಪುಸ್ತಕಕ್ಕೆ 500 ಅಂದರೇ ಪ್ರಕಾಶಕರ ಧೈರ್ಯ ಮೆಚ್ಚಬೇಕು. ಎಷ್ಟೋ ಸಲ ಅಷ್ಟೂ ಇಲ್ಲ. ಇವಳ ಕಾದಂಬರಿಗೆ 250 ರೂಪಾಯಿ ಬೆಲೆ, ಶೇಕಡಾ 10 ಗೌರವಧನ. 500 ಪ್ರತಿಯೂ ಖರ್ಚಾದರೆ ಅವಳಿಗೆ ಸಿಗುವುದು 12,500 ರೂಪಾಯಿ. ಅಷ್ಟು ವರ್ಷದ ರಾತ್ರಿಗಳಿಗೆ ಅಷ್ಟು. ಅಂಗಡಿಯವರಿಗೆ ಮುಖಬೆಲೆಯಲ್ಲಿ ಮೂರನೇ ಒಂದು ಭಾಗವೋ ಅದಕ್ಕಿಂತ ಜಾಸ್ತಿಯೋ ಬಿಡಬೇಕು, ಹಾಗಾಗಿ ಪ್ರಕಾಶಕರ ಕೈಯಲ್ಲೂ ಪ್ರಚಾರಕ್ಕೆ ದುಡ್ಡು ಉಳಿಯುವುದಿಲ್ಲ. ಪತ್ರಿಕೆಗಳ ಭಾನುವಾರದ ಪುರವಣಿಯಲ್ಲಿ ಪುಸ್ತಕಗಳಿಗೆ ಇರುವುದೇ ಒಂದಿಷ್ಟು ಜಾಗ. ವಿಮರ್ಶೆಗೆ ಅಂತ ಎರಡೆರಡು ಪ್ರತಿ ಕಳಿಸಿ ತಿಂಗಳುಗಟ್ಟಲೆ ಕಾಯಬೇಕು. ಹೆಚ್ಚಿನವಕ್ಕೆ ಸಿಗುವುದು ಸಾದರ ಸ್ವೀಕಾರ ಮಾತ್ರ. ಹೆಸರು, ಪುಟ, ಬೆಲೆ, ಮುಗಿಯಿತು.

ಇನ್ನು ಉಳಿದದ್ದು ಬಾಯಿಂದ ಬಾಯಿಗೆ ಹೋಗುವ ಮಾತು. ಅದು ಎಷ್ಟು ಕೆಲಸ ಮಾಡುತ್ತದೆ ಅಂತ ನಾನೇ ನೋಡಿದ್ದೇನೆ. ನಮ್ಮೂರಿನಲ್ಲಿ ಮೆಡಿಕಲ್ ಶಾಪ್ ನಡೆಸುವ ಒಬ್ಬರಿದ್ದಾರೆ. ಬರೆಯುವವರಲ್ಲ, ಓದುವವರು. ಈ ಕಾದಂಬರಿ ಓದಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಒಂದು ಪುಟದ ಫೋಟೋ ಹಾಕಿ, ಕೆಳಗೆ ನಾಲ್ಕು ಸಾಲು ಬರೆದರು. ಆ ವಾರ ನಮ್ಮೂರಿಂದಲೇ ಹತ್ತಕ್ಕೂ ಹೆಚ್ಚು ಪ್ರತಿಗೆ ಆರ್ಡರ್ ಹೋಯಿತು. ಅವರ ಸ್ಟೇಟಸ್ ನೋಡುವವರು ಮಾತ್ರೆ ಕೊಳ್ಳಲು ಬರುವ ಗಿರಾಕಿಗಳು. ನಿಮ್ಮ ಮಾತು ಕೇಳುವವರು ಸಾವಿರಗಟ್ಟಲೆ ಇದ್ದಾರೆ, ಅವರೆಲ್ಲ ಪುಸ್ತಕ ಓದುವವರೇ! ಜನ ಕೊಳ್ಳಲ್ಲ ಅಂತ ಮಾತ್ರ ನನ್ನ ಹತ್ತಿರ ಹೇಳಬೇಡಿ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಪುಸ್ತಕ ಮಳಿಗೆಗಳ ಮುಂದೆ ಜನ ಹೇಗೆ ಮುಗಿಬಿದ್ದಿದ್ದರು ಅಂತ ಹೋದವರನ್ನು ಕೇಳಿ. ಕೊಳ್ಳುವವರಿದ್ದಾರೆ. ಯಾವ ಪುಸ್ತಕ ಬಂದಿದೆ, ಯಾಕೆ ಓದಬೇಕು ಅಂತ ಹೇಳುವವರಿಲ್ಲ.

ಗೌರವ ಪ್ರತಿ, ಅಂದರೆ ಬಿಟ್ಟಿಯಾಗಿ ಕಳಿಸುವ ಪ್ರತಿಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಇನ್ನೂ ಜಾಸ್ತಿ ಸಿಟ್ಟು ತರಿಸುವ ವಿಷಯ. "ಮೇಡಂ, ನಿಮ್ಮ ಕಾದಂಬರಿ ಬಗ್ಗೆ ಕೇಳಿದೆ, ಒಂದು ಪ್ರತಿ ಕಳಿಸಿ, ಓದಿ ಬರೆಯುತ್ತೇನೆ" ಅಂತ ವಿಳಾಸ ಸಮೇತ ಮೆಸೇಜ್ ಬರುತ್ತದೆ. ಸಂಬಳ, ಪೆನ್ಶನ್ ಇರುವವರು ಕೇಳುತ್ತಾರೆ. ಅಂಚೆ ಖರ್ಚು ಯಾರು ಕೊಡುತ್ತಾರೆ ಅಂತ ಒಬ್ಬರೂ ಯೋಚಿಸುವುದಿಲ್ಲ. ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. 2025ರ ಮೇ 1ರಿಂದ ಪುಸ್ತಕ ಕಳಿಸಲು ಜ್ಞಾನ್ ಪೋಸ್ಟ್ ಅನ್ನುವ ಅಂಚೆ ಸೇವೆ ಶುರುವಾಯಿತು. ಅದರಲ್ಲಿ 300 ಗ್ರಾಂವರೆಗಿನ ಕಟ್ಟಿಗೆ 20 ರೂಪಾಯಿ, ತೆರಿಗೆ ಬೇರೆ. ಪುಸ್ತಕ ಸ್ವಲ್ಪ ದಪ್ಪಗಿದ್ದರೆ ಇನ್ನೂ ಜಾಸ್ತಿ. ಇವಳು ಪ್ರತಿಯೊಂದು ಕವರಿನ ಮೇಲೂ ತನ್ನ ದುಂಡಗಿನ ಟೀಚರ್ ಅಕ್ಷರದಲ್ಲಿ ವಿಳಾಸ ಬರೆದಳು. ಒಳಗೆ ಒಂದೊಂದು ಕಾಗದ ಇಟ್ಟಳು. ಶಾಲೆಯ ಊಟದ ಬಿಡುವಿನಲ್ಲಿ ಪೋಸ್ಟ್ ಆಫೀಸಿಗೆ ಓಡಿದಳು.

ಅತ್ತ ಕಡೆಯಿಂದ ಏನು ಬಂತು? ಮೇಜಿನ ಮೇಲೆ ಕಾಫಿ ಲೋಟದ ಪಕ್ಕ ಪುಸ್ತಕ ಇಟ್ಟ ಫೋಟೋ, ಕೆಳಗೆ "ಪುಸ್ತಕ ಕೈ ಸೇರಿತು, ಓದಿ ಬರೆಯುವೆ." ಆಮೇಲೆ ಸದ್ದೇ ಇಲ್ಲ. ಓದಿ ಇಷ್ಟ ಆಗದಿದ್ದರೆ ಅದನ್ನಾದರೂ ಹೇಳಿ. ಓದಲು ಆಗದಿದ್ದರೆ ಪುಸ್ತಕವನ್ನು ಊರಿನ ಲೈಬ್ರರಿಗೆ ಕೊಡಿ. ಅವಳು ಇವತ್ತಿಗೂ ಆ ಫೋಟೋಗಳನ್ನು ಆಗಾಗ ತೆರೆದು, ಕೆಳಗೆ ಯಾರಾದರೂ ಏನಾದರೂ ಬರೆದಿದ್ದಾರಾ ಅಂತ ನೋಡುತ್ತಾಳೆ.

ಬಿಡುಗಡೆ ಸಮಾರಂಭದ ಬಗ್ಗೆ ಜಾಸ್ತಿ ಹೇಳಲ್ಲ. ಮುಖ್ಯ ಅತಿಥಿಯಾಗಿ ಬಂದ ಲೇಖಕರು ಕನ್ನಡದ ಸ್ಥಿತಿಗತಿ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ, ಕೊನೆಗೆ "ಸಮಯದ ಅಭಾವದಿಂದ ಪುಸ್ತಕ ಪೂರ್ತಿ ಓದಲಾಗಲಿಲ್ಲ, ಮುಖಪುಟ ಚೆನ್ನಾಗಿದೆ" ಅಂದರು. ಮುಂದಿನ ಸಾಲಿನಲ್ಲಿ ಅವಳ ಅವ್ವ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದರು. ತನ್ನ ಬದುಕಿನ ಬಗ್ಗೆ ದೊಡ್ಡವರು ಏನು ಹೇಳುತ್ತಾರೋ ಅಂತ ಕೇಳಲು ಬಂದಿದ್ದರು.

ಶೇರ್ ಮಾಡುವುದೇ ಗೊತ್ತಿಲ್ಲ ಅಂತಲ್ಲ. ಪಿಡಿಎಫ್ ಶೇರ್ ಮಾಡಲು ಚೆನ್ನಾಗಿ ಗೊತ್ತು. ಪುಸ್ತಕ ಬಂದು ಎರಡು ತಿಂಗಳೂ ಆಗಿರಲಿಲ್ಲ, ಯಾರೋ ಪುಟಪುಟವನ್ನೂ ಸ್ಕ್ಯಾನ್ ಮಾಡಿ ಒಂದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಆ ಗುಂಪಿನಲ್ಲಿ ಬರೆಯುವವರೂ ಇದ್ದಾರೆ. ಒಬ್ಬರಾದರೂ "ಇದು ತಪ್ಪು, ತೆಗೆಯಿರಿ" ಅಂದರಾ? ಹೆಬ್ಬೆರಳಿನ ಚಿತ್ರ, ಕೈ ಮುಗಿಯುವ ಚಿತ್ರ, "ಧನ್ಯವಾದಗಳು ಸರ್". 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬದುಕಿರುವ ತನಕ ಪುಸ್ತಕದ ಹಕ್ಕು ಲೇಖಕರದು, ತೀರಿಕೊಂಡ ಮೇಲೆ 60 ವರ್ಷ ಅವರ ಮನೆಯವರದು. ಇಲ್ಲಿ ಲೇಖಕಿ ಬದುಕಿದ್ದಾಳೆ, ಮೊದಲ ಮುದ್ರಣದ ಕಟ್ಟುಗಳು ಇನ್ನೂ ಬಿಚ್ಚಿಲ್ಲ. ತಾವೇ ಬರೆಯುವವರಾಗಿ ಇನ್ನೊಬ್ಬ ಬರಹಗಾರ್ತಿಯ ಅನ್ನಕ್ಕೆ ಕೈ ಹಾಕುವುದನ್ನು ಸುಮ್ಮನೆ ನೋಡುತ್ತಾ ಕೂತರಲ್ಲ, ಇದನ್ನು ನಾನು ಕ್ಷಮಿಸಲ್ಲ.

ಇವಳ ಜಿಲ್ಲೆಯವರೇ ಗಳಗನಾಥರು. ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ನಡೆದು ಮಾರಿದವರು. ಕನ್ನಡದ ಜನಕ್ಕೆ ಓದುವ ರುಚಿ ಹತ್ತಿಸಿದವರು. ಅವರು ಹೊತ್ತದ್ದು ತಮ್ಮ ಪುಸ್ತಕ. ಜಿ. ಪಿ. ರಾಜರತ್ನಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ವಿದ್ಯಾರ್ಥಿಗಳ ಕೈಲಿ ಬರೆಸಿದರು, ಅಚ್ಚು ಮಾಡಿಸಿದರು, ಕನ್ನಡ ಪುಸ್ತಕ ಕೊಳ್ಳಿ ಅಂತ ಹೋದಲ್ಲೆಲ್ಲ ಹೇಳಿದರು. ತಮ್ಮನ್ನು ಸಾಹಿತ್ಯದ ಪರಿಚಾರಕ ಅಂತಲೇ ಕರೆದುಕೊಂಡರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ಕಟ್ಟಿದರು. ಚಂದಾದಾರರನ್ನು ಮಾಡಿಕೊಂಡು ಮನೆಮನೆಗೆ ಪುಸ್ತಕ ಮುಟ್ಟಿಸಿದರು. ಅವರ ಅಟ್ಟದ ಮೇಲೆ ಲೇಖಕರು ಸೇರಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಚರ್ಚೆ ಮಾಡುತ್ತಿದ್ದರು. ಆಗ ಎಲ್ಲರೂ ಒಳ್ಳೆಯವರಿದ್ದರು ಅಂತ ನಾನು ಹೇಳುತ್ತಿಲ್ಲ. ಕಾದಂಬರಿಕಾರ ಅನಕೃ ಕಾಲದ ಪ್ರಗತಿಶೀಲ ಸಾಹಿತಿಗಳ ಜಗಳಗಳು, ಆಮೇಲಿನ ನವ್ಯ ಸಾಹಿತಿಗಳ ಜಗಳಗಳು ಸಣ್ಣವಲ್ಲ. ಆದರೆ ಪುಸ್ತಕ ಓದಿ, ಅದರ ಹೆಸರು ಹಿಡಿದು, ಎಲ್ಲರೆದುರು ಜಗಳವಾಡಿದರು. ಓದಿದ ಪುಸ್ತಕವನ್ನು ಓದೇ ಇಲ್ಲ ಅನ್ನುವ ಹಾಗೆ ಬಾಯಿ ಮುಚ್ಚಿಕೊಂಡು ಕೂರುವ ಈ ಚಾಳಿಗಿಂತ ಅದು ಎಷ್ಟೋ ವಾಸಿ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೂ ಸೇರಿ ಬಂದ ಪ್ರಶಸ್ತಿ. ನನಗೆ ಆ ದಿನ ಆದ ಖುಷಿ ಹೇಳತೀರದು. ಆದರೆ ಆ ವಾರ ಹೊಗಳಿದ ಲೇಖಕರನ್ನು ಒಂದು ಮಾತು ಕೇಳಬೇಕು ಅನಿಸಿತು. ಆ ಕಥೆಗಳು 1990ರಿಂದಲೂ ಒಂದೊಂದಾಗಿ ಕನ್ನಡದಲ್ಲಿ ಬರುತ್ತಲೇ ಇದ್ದವಲ್ಲ? ಲಂಡನ್ನಿನಲ್ಲಿ ಪ್ರಶಸ್ತಿ ಘೋಷಣೆ ಆಗುವ ತನಕ ನಿಮ್ಮಲ್ಲಿ ಎಷ್ಟು ಜನ ಆ ಕಥೆಗಳ ಬಗ್ಗೆ ಒಂದು ಸಾಲು ಬರೆದಿದ್ದಿರಿ? ಬರೆದವರೂ ಇದ್ದಾರೆ, ಅವರಿಗೆ ನಮಸ್ಕಾರ. ನಾನು ಕೇಳುತ್ತಿರುವುದು ಉಳಿದವರನ್ನು. ಇವತ್ತು ತಾಲ್ಲೂಕು ಊರಿನಲ್ಲಿ ಕೂತು ಬರೆಯುತ್ತಿರುವವಳ ಬಗ್ಗೆ ಮಾತಾಡಲು ನಿಮಗೆ ಇನ್ನು ಯಾವ ದೇಶದ ಅಪ್ಪಣೆ ಬೇಕು?

ಹಾಗಂತ ಕಣ್ಣು ಮುಚ್ಚಿ ಹೊಗಳಿ ಅಂತ ನಾನು ಕೇಳುತ್ತಿಲ್ಲ. ಅದೂ ನಡೆಯುತ್ತಿದೆ, ಅದೂ ಅಷ್ಟೇ ಕೆಟ್ಟದ್ದು. ನೀನು ನನ್ನದು ಹಾಕು, ನಾನು ನಿನ್ನದು ಹಾಕುತ್ತೇನೆ ಅಂತ ಮಾತಾಡಿಕೊಂಡು, ಓದದೆಯೇ ಬೆನ್ನುಡಿಯಿಂದ ಎರಡು ಸಾಲು ಎತ್ತಿ "ಮಹತ್ವದ ಕೃತಿ" ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ನಂಬಿ ದುಡ್ಡು ಕೊಟ್ಟು ಮೋಸ ಹೋದ ಓದುಗರು ಆಮೇಲೆ ನಿಜವಾಗಿ ಒಳ್ಳೆಯದಿರುವ ಹೊಸ ಕಾದಂಬರಿಯನ್ನೂ ಮುಟ್ಟುವುದಿಲ್ಲ. ನನಗೆ ಬೇಕಿರುವುದು ಓದಿದವರ ಮಾತು. ಈ ಕಾದಂಬರಿಯಲ್ಲಿ ಗಂಡನ ಪಾತ್ರ ಸಪ್ಪೆ, ಕೊನೆಯ ಐವತ್ತು ಪುಟ ಎಳೆದಾಡಿದೆ ಅಂತ ನನಗೂ ಅನಿಸಿದೆ. ಅವಳಿಗೆ ಹೇಳಿದ್ದೇನೆ, ಎಲ್ಲರಿಗೂ ಕಾಣುವ ಹಾಗೆ ಬರೆದೂ ಇದ್ದೇನೆ. ಅದರ ಜೊತೆಗೇ ಆ ಮೆಣಸಿನಕಾಯಿ ಕೈಯ ಅಧ್ಯಾಯಕ್ಕಾಗಿ ಈ ಪುಸ್ತಕ ಕೊಳ್ಳಲೇಬೇಕು ಅಂತಲೂ ಬರೆದಿದ್ದೇನೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಎರಡನೆಯದರಲ್ಲಿ ಸರಿ ಮಾಡ್ತೀನಿ ಅಂದಳು.

ಆದರೆ ನಿನ್ನೆ ಫೋನ್ ಮಾಡಿ, "ಎರಡನೇದು ಬರೀಬೇಕೋ ಬ್ಯಾಡೋ ಅನಸ್ತದ ಅಕ್ಕಾ" ಅಂದಳು. ಅದಕ್ಕೇ ಈ ಸಿಟ್ಟು. ಆ ಹಿರಿಯರು ಫೋನಿನಲ್ಲಿ ಹೇಳಿದ ಮಾತನ್ನು ನಾಲ್ಕು ಜನರ ಮುಂದೆ ಹೇಳಿದ್ದರೆ ಅವಳು ಇಷ್ಟೊತ್ತಿಗೆ ಎರಡನೇ ಅಧ್ಯಾಯದಲ್ಲಿ ಇರುತ್ತಿದ್ದಳು.

ಅವಳ ಪಾಲಿಗೆ ಬಂದ ಪ್ರತಿಗಳಲ್ಲಿ ಎರಡು ಕಟ್ಟು ಉಳಿದಿವೆ. ಇನ್ನು ಅವು ಯಾವ ಲೇಖಕರ ಮನೆಗೂ ಹೋಗುವುದಿಲ್ಲ. ಬ್ಯಾಡಗಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಿಗೆ, ಅಂದರೆ ಹಳ್ಳಿಯ ಲೈಬ್ರರಿಗಳಿಗೆ, ಒಂದೊಂದು ಕೊಡೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ತೊಟ್ಟು ಬಿಡಿಸುವವರ ಮಕ್ಕಳು ಅಲ್ಲಿಗೆ ಓದಲು ಬರುತ್ತಾರೆ. ಗೌರವ ಪ್ರತಿ ಕೇಳಿ ಮೆಸೇಜ್ ಹಾಕಿರುವವರು ದಯವಿಟ್ಟು ಅಂಗಡಿಗೆ ಹೋಗಿ. ಬೆಲೆ 250 ರೂಪಾಯಿ.