ಓದು ಬರುವ ಹೆಬ್ಬೆಟ್ಟುಗಳು

ಪಾಸ್‌ವರ್ಡಿನ ಕಾಟ ಇನ್ನು ಮುಗಿಯಿತು ಎಂದು ಗೆಳೆಯ ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

"ಯೂಸರ್‌ನೇಮ್ ಬೇಡ, ಒಟಿಪಿ ಬೇಡ. ನೀನು ಸಾಕಿದ ಮೊದಲ ನಾಯಿಯ ಹೆಸರೇನು ಅಂತ ಯಾರೂ ಕೇಳಲ್ಲ. ವಾಲೆಟ್ ಕನೆಕ್ಟ್ ಮಾಡು, ಸೈನ್ ಒತ್ತು, ಒಳಗೆ ಹೋಗು. ಅಷ್ಟೇ ಕಣೋ" ಎಂದ. ವಾಲೆಟ್ ಅಂದರೆ ಡಿಜಿಟಲ್ ನಾಣ್ಯಗಳ ಕೀಲಿ ಇಟ್ಟುಕೊಂಡು ನಮ್ಮ ಪರವಾಗಿ ಸಹಿ ಹಾಕುವ ಆ್ಯಪ್. ಈ ಕ್ರಿಪ್ಟೋ ಆ್ಯಪ್‌ಗಳಿಗೆ ಯಜಮಾನನೇ ಇಲ್ಲವಂತೆ. ನಿನ್ನ ದುಡ್ಡಿಗೆ ನೀನೇ ಬ್ಯಾಂಕು ಅಂತೆ. ನಾನೇ ಬ್ಯಾಂಕು ಅಂದಮೇಲೆ ಮ್ಯಾನೇಜರ್ ನಾನೇ, ಕ್ಯಾಷಿಯರ್ ನಾನೇ, ಬಾಗಿಲಲ್ಲಿ ತೂಕಡಿಸುವ ಕಾವಲುಗಾರನೂ ನಾನೇ. ದುಡ್ಡು ಹೋದಾಗ ಕೌಂಟರ್ ಮುಂದೆ ಬಾಯಿ ಬಡಿದುಕೊಳ್ಳುವ ಗಿರಾಕಿಯೂ ನಾನೇ. ಇದು ಆಗ ಹೊಳೆಯಲಿಲ್ಲ.

ಕನೆಕ್ಟ್ ಮಾಡಿದೆ. ಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಕಿಟಕಿ ತೆರೆಯಿತು. ಅದರೊಳಗೆ ಸೊನ್ನೆ, ಎಕ್ಸ್, ಒಂಬತ್ತು, ಸಿ, ನಾಲ್ಕು, ಎಫ್, ಮತ್ತೆ ಎಫ್, ಎರಡು, ಬಿ... ಹೀಗೆ ಮೂರು ಸಾಲು. ಅದರ ಕೆಳಗೆ ರಿಜೆಕ್ಟ್, ಸೈನ್ ಎಂಬ ಎರಡು ಬಟನ್. ಇಂಥದ್ದಕ್ಕೆ ಸಿಗುವ ಬುದ್ಧಿವಾದ ಎಲ್ಲ ಕಡೆಯೂ ಒಂದೇ: "ಸೈನ್ ಮಾಡುವ ಮುನ್ನ ಏನಿದೆ ಅಂತ ಪೂರ್ತಿ ಓದಿ."

ಓದಿದೆ. ಎರಡು ಸಲ ಓದಿದೆ. ಎರಡನೇ ಸಲ 'ಎಫ್' ಜಾಸ್ತಿ ಇದೆ ಅನ್ನಿಸಿತು.

ಹಿಂದೆ ಓದು ಬಾರದವರು ಸಾಹುಕಾರ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಳ್ಳುತ್ತಿದ್ದರು. ಅಯ್ಯೋ ಪಾಪ ಅಂದೆವು, ಅಕ್ಷರ ಕಲಿಸಿದೆವು. ಈಗ ನಾಲ್ಕು ಡಿಗ್ರಿ ಇರುವವರು ಅದೇ ಹೆಬ್ಬೆಟ್ಟನ್ನು ಮೊಬೈಲ್ ಗಾಜಿನ ಮೇಲೆ ಒತ್ತುತ್ತಿದ್ದಾರೆ. ಇದಕ್ಕೆ ಬ್ಲೈಂಡ್ ಸೈನಿಂಗ್ ಅಂತ ಹೆಸರು ಬೇರೆ. ಕುರುಡು ಸಹಿ ಎಂದರೆ ಅವಮಾನ, ಬ್ಲೈಂಡ್ ಸೈನಿಂಗ್ ಎಂದರೆ ತಂತ್ರಜ್ಞಾನ.

ದಡ್ಡರು ಮಾತ್ರ ಮೋಸ ಹೋಗುತ್ತಾರೆ ಅನ್ನುವ ಹಾಗೂ ಇಲ್ಲ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ದೊಡ್ಡ ಕ್ರಿಪ್ಟೋ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಇಥರ್ ಎಂಬ ಕ್ರಿಪ್ಟೋ ನಾಣ್ಯ ಕಳುವಾಗಿ ಹೋಯಿತು. ಅಲ್ಲಿ ಒಬ್ಬರ ಸಹಿ ಸಾಲದು, ಹಲವರು ಸೈನ್ ಮಾಡಬೇಕಿತ್ತು. ಮಾಡಿದರು. ಪರದೆ ಮೇಲೆ ಕಂಡಿದ್ದು ದಿನನಿತ್ಯದ ವರ್ಗಾವಣೆ. ಸಹಿ ಬಿದ್ದಿದ್ದು ಇಡೀ ತಿಜೋರಿಯ ಬೀಗವನ್ನೇ ಬದಲಾಯಿಸುವ ಆದೇಶಕ್ಕೆ. ಒಬ್ಬರ ಹೆಬ್ಬೆಟ್ಟು ನಂಬಬಾರದು ಅಂತ ಹಲವರ ಹೆಬ್ಬೆಟ್ಟು ಕೇಳಿದರೆ ಇಷ್ಟೇ ಲಾಭ.

ನ್ಯಾಯವಾಗಿ ಹೇಳಬೇಕೆಂದರೆ, ಈ ಲೋಕದಲ್ಲೂ ಬುದ್ಧಿ ಇರುವವರಿದ್ದಾರೆ. 2021ರಲ್ಲಿ ಕೆಲವರು ಕೂತು ಇಐಪಿ-4361 (ಇಥರ್ ಓಡಾಡುವ ಇಥೀರಿಯಂ ಜಾಲದ ಸುಧಾರಣಾ ಪ್ರಸ್ತಾವ) ಅಂತ ಒಂದು ನಿಯಮ ಬರೆದರು. ಸೈನ್ ಇನ್ ಆಗುವಾಗ ಬರುವ ಸಂದೇಶ ಮನುಷ್ಯರಿಗೆ ಓದಲು ಬರುವಂತಿರಬೇಕು. ಯಾವ ವೆಬ್‌ಸೈಟ್ ಕೇಳುತ್ತಿದೆ, ಯಾವ ಖಾತೆಗೆ, ಯಾವ ಹೊತ್ತಿನಲ್ಲಿ ಎಂದೆಲ್ಲ ಅದರಲ್ಲಿರಬೇಕು. ಹಳೇ ಸಹಿಯನ್ನು ಕದ್ದು ಮತ್ತೆ ಬಳಸದಂತೆ ನಾನ್ಸ್ ಎಂಬ ಒಂದೇ ಸಲದ ಗುರುತು ಕೂಡ. ವೆಬ್‌ಸೈಟಿನ ಹೆಸರು ಸಂದೇಶದಲ್ಲೊಂದು, ಬ್ರೌಸರಿನಲ್ಲೊಂದು ಇದ್ದರೆ ವಾಲೆಟ್ ಎಚ್ಚರಿಸಬೇಕು. ಚೆನ್ನಾಗಿದೆ ಅಲ್ವಾ? ಕಷ್ಟ ಏನೆಂದರೆ, ಅಷ್ಟರಲ್ಲಿ ನಮ್ಮ ಬೆರಳಿಗೆ ಓದದೆ ಒತ್ತುವ ಚಟ ಹತ್ತಿಬಿಟ್ಟಿತ್ತು.

"ಗ್ಯಾಸ್ ಫೀ ಕೇಳಲಿಲ್ಲ ಅಂದ್ರೆ ಏನೂ ಅಪಾಯ ಇಲ್ಲ ಮಾರಾಯ, ಅದು ಸುಮ್ನೆ ಸಹಿ" ಎಂದು ಗೆಳೆಯ ಧೈರ್ಯ ತುಂಬಿದ. ಗ್ಯಾಸ್ ಫೀ ಅಂದರೆ ವಹಿವಾಟು ದಾಖಲಿಸಲು ಜಾಲಕ್ಕೆ ಕಟ್ಟುವ ಶುಲ್ಕ. ಸೈನ್ ಇನ್ ಸಹಿಗೆ ಆ ಫೀ ಇಲ್ಲ, ನಿಜ. ಆದರೆ 'ಪರ್ಮಿಟ್' ಎಂಬ ಸಹಿಗೂ ನಾವು ಫೀ ಕೊಡಬೇಕಿಲ್ಲ. ಅದರ ಅರ್ಥ, 'ನನ್ನ ಟೋಕನ್‌ಗಳನ್ನು (ಕ್ರಿಪ್ಟೋ ನಾಣ್ಯಗಳನ್ನು) ಇವನು ತೆಗೆದುಕೊಳ್ಳಲಿ' ಎಂದು. ಕಳ್ಳನೇ ನಮ್ಮ ಪರವಾಗಿ ಗ್ಯಾಸ್ ಕಟ್ಟಿ ದೋಚಿಕೊಂಡು ಹೋಗುತ್ತಾನೆ. ಇಷ್ಟು ಉಪಕಾರಿ ಕಳ್ಳ ಬೇರೆಲ್ಲಿ ಸಿಗುತ್ತಾನೆ?

ಇನ್ನು ಅಪ್ರೂವಲ್ ಕಥೆ, ಅಂದರೆ ನಮ್ಮ ಟೋಕನ್ ಮುಟ್ಟಲು ಆ್ಯಪ್‌ಗೆ ಕೊಡುವ ಅನುಮತಿ. ಹತ್ತು ಟೋಕನ್ ಬದಲಾಯಿಸಲು ಹೋದರೆ ಎಷ್ಟೋ ಆ್ಯಪ್‌ಗಳು ಹತ್ತಕ್ಕೆ ಅನುಮತಿ ಕೇಳುವುದಿಲ್ಲ, 'ಅನ್‌ಲಿಮಿಟೆಡ್' ಕೇಳುತ್ತವೆ. ಒಳಗೆ ಬರೆದಿರುವುದು ಒಟ್ಟು 78 ಅಂಕಿಯ ಒಂದು ಸಂಖ್ಯೆ. ನನ್ನ ಖಾತೆಯಲ್ಲಿರುವುದು ಎರಡಂಕಿ. ಉಳಿದ 76 ಅಂಕಿಯ ಭರವಸೆ ಅವರಿಗೆ ಯಾಕೆ ಬಂತೋ! ನನ್ನ ಭವಿಷ್ಯದ ಮೇಲೆ ಇಷ್ಟು ನಂಬಿಕೆ ನಮ್ಮ ಮನೆಯವರಿಗೂ ಇಲ್ಲ.

ಕೆಲಸ ಮುಗಿದ ಮೇಲೆ ಜಾಣತನದಿಂದ 'ಡಿಸ್‌ಕನೆಕ್ಟ್' ಒತ್ತಿ ನಿರಾಳವಾಗಿ ಮಲಗಿದೆ. ಡಿಸ್‌ಕನೆಕ್ಟ್ ಅಂದರೆ ನೆಂಟರನ್ನು ಗೇಟಿನವರೆಗೆ ಕಳಿಸಿಬಂದಂತೆ ಮಾತ್ರ, ಬೀರುವಿನ ಕೀಲಿ ಅವರ ಜೇಬಿನಲ್ಲೇ ಇರುತ್ತದೆ ಎಂದು ಆಮೇಲೆ ತಿಳಿಯಿತು. ಕೀಲಿ ವಾಪಸ್ ಪಡೆಯಲು ಅಪ್ರೂವಲ್ ಅನ್ನೇ 'ರಿವೋಕ್' ಮಾಡಬೇಕು. ಅದಕ್ಕೆ ಗ್ಯಾಸ್ ಫೀ ಇದೆ. ಅದಕ್ಕೂ ವಾಲೆಟ್ ಕನೆಕ್ಟ್ ಮಾಡಬೇಕು. ರಿವೋಕ್ ಮಾಡಿಕೊಡುತ್ತೇವೆ ಎನ್ನುವ ನಕಲಿ ಸೈಟುಗಳೂ ಇವೆ.

ತಲೆಕೆಟ್ಟು ಒಂದು ಗ್ರೂಪಿನಲ್ಲಿ 'ಸಹಾಯ ಮಾಡಿ' ಎಂದು ಬರೆದೆ. ಯಜಮಾನನಿಲ್ಲದ ಈ ಲೋಕದಲ್ಲಿ ಸಹಾಯವಾಣಿ ಮಾತ್ರ ಗಡಿಯಾರದಷ್ಟು ಚುರುಕು. ನಿಮಿಷದೊಳಗೆ ಮೂರು ಜನ 'ಅಧಿಕೃತ ಸಪೋರ್ಟ್' ಇನ್‌ಬಾಕ್ಸಿಗೆ ಬಂದರು. ಮೂವರದೂ ಒಂದೇ ಪ್ರಶ್ನೆ: "ಸರ್, ನಿಮ್ಮ 12 ಪದ ಹೇಳ್ತೀರಾ?" ಅದು ಸೀಡ್ ಫ್ರೇಸ್. 2048 ಇಂಗ್ಲಿಷ್ ಪದಗಳ ಪಟ್ಟಿಯಿಂದ ಆಯ್ದದ್ದು. ಸಿಕ್ಕವನಿಗೆ ಇಡೀ ವಾಲೆಟ್ಟೇ ಸಿಕ್ಕಿತು. ಆ ಪಟ್ಟಿ ಶುರುವಾಗುವುದೇ 'ಅಬ್ಯಾಂಡನ್' ಎಂಬ ಪದದಿಂದ. ಕೈಬಿಡು ಅಂತ. ಕೊನೆಯ ಪದ 'ಜೂ'. ಪಟ್ಟಿ ಮಾಡಿದವರಿಗೆ ಎಲ್ಲ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಮೊನ್ನೆ ಹಟ ಹಿಡಿದೆ. ಸರಿಯಾಗಿಯೇ ಸೈನ್ ಇನ್ ಆಗೋಣ ಎಂದು ಕನ್ನಡಕ ಒರೆಸಿ ಕೂತೆ. ಸರ್ಚ್‌ನಲ್ಲಿ ಮೊದಲು ಬಂದ ಜಾಹೀರಾತು ಬಿಟ್ಟು, ನಾನೇ ಉಳಿಸಿಟ್ಟ ಬುಕ್‌ಮಾರ್ಕ್‌ನಿಂದ ಹೋದೆ. ಜಾಸ್ತಿ ದುಡ್ಡಿಲ್ಲದ ಬೇರೆ ವಾಲೆಟ್ ಬಳಸಿದೆ (ನನ್ನ ಎಲ್ಲ ವಾಲೆಟ್‌ಗಳೂ ಅದೇ ಜಾತಿ). ಸಂದೇಶ ಬಂತು, ಅಚ್ಚುಕಟ್ಟಾಗಿ ಓದಲು ಬರುವ ಸಂದೇಶ. ವೆಬ್‌ಸೈಟಿನ ಹೆಸರನ್ನು ಒಂದೊಂದೇ ಅಕ್ಷರ ಹೋಲಿಸಿದೆ. ವಾಲೆಟ್ ವಿಳಾಸದ 42 ಅಕ್ಷರಗಳ ಮೇಲೂ ಬೆರಳಿಟ್ಟು ಲೆಕ್ಕ ಹಾಕಿದೆ. ಯಾವ ಬ್ಲಾಕ್‌ಚೈನ್ ಅಂತ ನೋಡಿದೆ, ನಾನ್ಸ್ ನೋಡಿದೆ, ಹೊತ್ತು ನೋಡಿದೆ. ಎಲ್ಲ ಸರಿ ಇತ್ತು. ಹೆಮ್ಮೆಯಿಂದ ಸೈನ್ ಒತ್ತಿದೆ.

"ತುಂಬಾ ತಡವಾಯಿತು. ಸಂದೇಶದ ಅವಧಿ ಮುಗಿದಿದೆ. ಮತ್ತೆ ಪ್ರಯತ್ನಿಸಿ" ಎಂದಿತು.